ನೀರು ಕುಡಿದು ಬರಲಾ

ಕಾರವಾರದ ಬಿಇಒ ಆಫೀಸಿನ ಹಿಂದಿನ ಹಾಲಿನಲ್ಲಿ
ಇಂಗ್ಲಿಷ್ ಕಲಿಸುವವರಿಗೆ ಕಲಿಸುವ ಹತ್ತು ದಿನ.
ಮೂವತ್ತೆಂಟು ಜನ, ಎರಡು ಫ್ಯಾನು, ಅದರಲ್ಲೊಂದು
ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು.
ಗೋಡೆಗೆ ಅಂಟಿಸಿದ ಡ್ರಾಯಿಂಗ್ ಶೀಟು ಸಮುದ್ರದ ಗಾಳಿಗೆ
ಒಂದು ಮೂಲೆ ಬಿಟ್ಟು ಏಳುತ್ತದೆ, ನಮ್ಮ ಹಾಗೆ,
ಚಾ ಬಂತೋ ಎಂದು ನೋಡಲು.

ಮೂರು ದಿನ ಚಪ್ಪಾಳೆ ತಟ್ಟಿದೆವು,
ಗುಂಪು ಕಟ್ಟಿದೆವು, ಗುಂಪು ಮುರಿದೆವು,
ನರೆತ ತಲೆಗಳು ಬೆರಳು ಕುಣಿಸಿ ಪ್ರಾಸ ಹೇಳಿದವು.
ಮಧ್ಯಾಹ್ನದ ಚಿತ್ರಾನ್ನದ ಆಕಳಿಕೆಯನ್ನು
ಕೈಪಿಡಿಯ ಹಿಂದೆ ಮುಚ್ಚಿಟ್ಟೆವು.
ಟಿ.ಎ. ಬಿಲ್ಲಿನ ವಿಷಯ ಬಂದರೆ ಮಾತ್ರ
ಎಲ್ಲರೂ ನಿರರ್ಗಳ.

ನಾಲ್ಕನೇ ದಿನ ಕುಮಟೆಯ ಪಾವ್ಲಿನ್ ಮೇಡಂ
ಪೆನ್ನು ಕೆಳಗಿಡಿ ಅಂದರು.
ದೇವಬಾಗದ ಪೆಡ್ನೇಕರ ಮಾಸ್ತರರನ್ನು ಎಬ್ಬಿಸಿದರು:
ನಿಮ್ಮ ಮನೆಮಾತಿನಲ್ಲೊಂದು ಪಾಠ, ಇಪ್ಪತ್ತು ನಿಮಿಷ,
ಕನ್ನಡದ ಒಂದು ಸೊಲ್ಲೂ ಬೇಡ.
ಘಟ್ಟದ ಮೇಲಿನವರೆಲ್ಲ ಮುಂದಿನ ಬೆಂಚಿಗೆ ಬನ್ನಿ.

ನಾನು ಸಿದ್ದಾಪುರದವಳು.
ಮಾಜಾಳಿಯ ಶಾಲೆಗೆ ಬಂದು ಆರು ವರ್ಷ.
ಆರು ವರ್ಷದಲ್ಲಿ ಕಲಿತ ಕೊಂಕಣಿ
ಬಂಗಡೆಯ ಬೆಲೆ ಇಳಿಸಲು ಬೇಕಾದಷ್ಟು.

ಪೆಡ್ನೇಕರರು ಒಳ್ಳೆಯ ಮನುಷ್ಯ,
ನಿನ್ನೆ ತಾನೇ ಬಸ್ಸಿನಲ್ಲಿ ನನಗೆ ಸೀಟು ಹಿಡಿದವರು.
ಇವತ್ತು ಹಲಗೆಯ ಮೇಲೆ ಬಲೆ ಬರೆದರು. ಜಾಳೆಂ, ಅಂದರು.
ಬಲೆಯ ನಡುವೆ ಒಂದು ತೂತು. ಬುರಾಕ.
ಆಮೇಲೆ ಉಬ್ಬರ ಬಂದ ಹಾಗೆ ಏನೇನೋ,
ಒಂದು ಕೈ ನೀರಿನ ಕಡೆ, ಒಂದು ಕೈ ಆಕಾಶಕ್ಕೆ,
ಹಿಂದಿನ ಬೆಂಚು ನಗುತ್ತದೆ,
ನಾನೂ ನಗುತ್ತೇನೆ, ಅರೆಕ್ಷಣ ತಡವಾಗಿ.
ಥಟ್ಟನೆ ಬೆರಳು ನನ್ನ ಕಡೆಗೇ: ಸಾಂಗ.

ಗೊತ್ತಿತ್ತು ನನಗೆ. ಈಗಷ್ಟೇ ಕೇಳಿದ್ದೆ.
ನಾಲಿಗೆಯ ಮೇಲೆ ಮರಳಿನ ಕಾಳಿನಂತೆ ಕೂತಿತ್ತು,
ಉಗುಳಲಾರೆ, ನುಂಗಲಾರೆ.
ಪರತ್, ಅಂದರು, ಮೆತ್ತಗೆ. ಪರತ್.
ಇನ್ನೊಮ್ಮೆ ಎಂದಿರಬೇಕು.
ಎಂ.ಎ. ಮಾಡಿದವಳು, ಹತ್ತೊಂಬತ್ತು ವರ್ಷ ಸರ್ವೀಸು,
ಎದ್ದು ನಿಂತು, ಕಿಟಕಿ ನೋಡುತ್ತ ಕೇಳಿದೆ:
ಮಾಸ್ತರೇ, ನೀರು ಕುಡಿದು ಬರಲಾ?

ಹಾಲಿಗೆ ಹಾಲೇ ನಕ್ಕಿತು.
ನಾನು ಆ ವಾಕ್ಯದಲ್ಲೇ ನಿಂತುಬಿಟ್ಟೆ.
ಅದು ನನ್ನದಲ್ಲ.
ನಾಲ್ಕನೇ ಇಯತ್ತೆಯ ಶೇವಂತಿ ತಾಂಡೇಲಳದು.
ಇಂಗ್ಲಿಷ್ ಪುಸ್ತಕ ತೆರೆದ ಕೂಡಲೇ ಬಾಯಾರುವ ಹುಡುಗಿ.
ಮನೆಯಲ್ಲೊಂದು ಮಾತು, ಶಾಲೆಯಲ್ಲಿ ಇನ್ನೊಂದು,
ಅದು ಬಲಿಯುವ ಮೊದಲೇ ಮೇಲಿಂದ ಮೂರನೆಯದು.
ಅವಳ ಪ್ರಗತಿಪತ್ರದಲ್ಲಿ ಕೆಂಪು ಶಾಯಿಯಲ್ಲಿ ನಾನೇ ಬರೆದಿದ್ದೆ:
ಗಮನವಿಲ್ಲ. ಪದೇ ಪದೇ ಹೊರಗೆ ಹೋಗುತ್ತಾಳೆ.
ಅವಳಪ್ಪ ಓದಿದನೋ ಇಲ್ಲವೋ, ಸಹಿ ಮಾಡಿ ಕಳಿಸಿದ್ದ.

ಸಂಜೆ ಫಾರ್ಮು ಕೊಟ್ಟರು. ಇಂದು ಕಲಿತದ್ದೇನು,
ಎರಡು ವಾಕ್ಯಗಳಲ್ಲಿ.
ಚಟುವಟಿಕೆ ಆಧಾರಿತ ಕಲಿಕೆಯ ಮಹತ್ವ ತಿಳಿಯಿತು, ಎಂದು ಬರೆದೆ.
ಪಕ್ಕದವರದ್ದೂ ಅದೇ. ನೋಡಿಯೇ ಬರೆದೆ.
ಕಾಳಿ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ
ಪೆಡ್ನೇಕರರು ಹಿಂದಿನ ಸೀಟಿನಿಂದ ಬಾಗಿ ಕೇಳಿದರು,
ಬೇಜಾರಾಯ್ತಾ ಬಾಯೋರೇ?
ಇಲ್ಲಪ್ಪ, ಅಂದೆ. ಸುಳ್ಳು.

ಹತ್ತು ದಿನ ಮುಗಿದ ಮೇಲಿನ ಸೋಮವಾರ
ಪುಸ್ತಕ ತೆರೆದೆ. ಶೇವಂತಿ ಎದ್ದಳು.
ಅಕ್ಕೋರೇ, ನೀರು...
ನಡಿ, ನಾನೂ ಬರ್ತೆ.

ನಲ್ಲಿಯ ಹತ್ತಿರ, ಬೊಗಸೆ ತುಂಬಿದ ಮೇಲೆ ಕೇಳಿದೆ:
ಇದಕ್ಕೆ ನಿಮ್ಮನೇಲಿ ಏನಂತಾರೆ?
ಅವಳು ನೆಲ ನೋಡಿದಳು. ಬಹಳ ಹೊತ್ತು.
ಉದಾಕ.
ಉದಕ, ಅಂದೆ ನಾನು, ಪಂಚಪಾತ್ರೆಯಿಂದ ಎದ್ದು ಬಂದವಳ ಹಾಗೆ.
ತಲೆಯಾಡಿಸಿದಳು, ಅಲ್ಲ.
ಉದಕ್ಕ?
ಅದೂ ಅಲ್ಲ.
ಬೆರಳ ಸಂದಿನಿಂದ ನೀರು ಸೋರಿಹೋಗುತ್ತಿತ್ತು.
ನನ್ನದೇ ಹುಬ್ಬು, ಸೊಂಟದ ಮೇಲೆ ನನ್ನದೇ ಕೈ,
ಗದ್ದ ಎತ್ತಿ ಶೇವಂತಿ ತಾಂಡೇಲ ಅಂದಳು:
ಪರತ್.