ಎಂಜಲಿನ ಹಗ್ಗ

ಟಾಕೇವ್ ಪ್ರಾಂತ್ಯ, ಹದಿನೇಳನೇ ನಂಬರಿನ ಮನೆ.
ಬೈಕಿನ ಹಿಂದೆ ಐಸ್ ಪೆಟ್ಟಿಗೆ, ಅದರ ಮೇಲೆ
ಒಂದು ಸುತ್ತು ಹತ್ತಿಯ ಹಗ್ಗ. ಬಿಳಿ, ಹೊಸದು.
ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ: ಎಮ್ಮೆ ಕೊಂಡೆಯಾ?
ಇಲ್ಲ, ಹಂದಿಗೆ.
ಕಟ್ಟಲಿಕ್ಕಲ್ಲ, ಕಚ್ಚಲಿಕ್ಕೆ.

ಸೂಜಿಗಾದರೆ ಹಂದಿ ಊರು ಕೇಳುವಂತೆ ಕಿರುಚುತ್ತದೆ.
ಹಗ್ಗಕ್ಕೆ ಹಾಗಲ್ಲ. ದೊಡ್ಡಿಯ ಸರಳಿಗೆ ಬಿಗಿದು
ಅವುಗಳ ಭುಜದ ಮಟ್ಟಕ್ಕೆ ಇಳಿಬಿಟ್ಟು
ದೂರ ಕೂತರಾಯಿತು. ಮೊದಲು ಒಂದು ಮೂತಿ,
ಮೂಸಿ, ತಳ್ಳಿ, ಹಿಂದೆ ಸರಿದು;
ಆಮೇಲೆ ಐದೂ ಒಟ್ಟಿಗೆ, ಕಬ್ಬು ಸಿಕ್ಕ ಮಕ್ಕಳ ಹಾಗೆ.
ಇಪ್ಪತ್ತು ನಿಮಿಷ.
ತುದಿಯನ್ನು ಚೀಲದೊಳಗೆ ಹಿಂಡಿದರೆ
ಮೂರು ಚಮಚ ಬೂದು ಜೊಲ್ಲು,
ಅದರಲ್ಲಿ ತೌಡು, ಅದರಲ್ಲಿ ನೊರೆ,
ಅದರಲ್ಲಿ, ಇದ್ದರೆ, ನಾನು ಹುಡುಕುವುದು.
ಇರದಿರಲಿ ಎಂದುಕೊಂಡೇ ಹುಡುಕುವುದು.

ಸಾರೋಮ್ ಅಜ್ಜಿ ಅಕ್ಕಿಯ ಹೆಂಡ ಕಾಯಿಸುತ್ತಾಳೆ.
ಬಟ್ಟಿ ಇಳಿದ ಮೇಲೆ ತಳದ ಗಸಿ ಹಂದಿಗೆ.
ಅದಕ್ಕೇ ಅವು ಮಧ್ಯಾಹ್ನ
ಒಂದರ ಮೇಲೊಂದು ತಲೆಯಿಟ್ಟು ನಿದ್ದೆ ಹೋಗುತ್ತವೆ,
ಕೋಳಿ ಅವುಗಳ ಬೆನ್ನ ಮೇಲೆ ಓಡಾಡುತ್ತದೆ,
ಬಾತು ಬಂದು ಅದೇ ತೊಟ್ಟಿಗೆ ಕೊಕ್ಕು ಅದ್ದುತ್ತದೆ.
ಇದನ್ನೆಲ್ಲ ನಾನು ಬರೆದುಕೊಳ್ಳುತ್ತೇನೆ. ಅಜ್ಜಿಗೆ ನಗು:
‘ನಿಮ್ಮ ಆಫೀಸಿನಲ್ಲಿ ಅನ್ನ ಬೇಯುವುದಿಲ್ಲವೇ ಮಗಳೇ,
ಎಂಜಲಿಗಾಗಿ ಎಂಬತ್ತು ಕಿಲೋಮೀಟರ್ ಬರುತ್ತೀಯಲ್ಲ!’

ಆಮೇಲೆ ಪ್ರಶ್ನೆಗಳು. ಹಂದಿ ಸೀನಿತೇ? ಇಲ್ಲ.
ಮೇವು ಬಿಟ್ಟಿತೇ? ನೋಡು, ಹಗ್ಗವನ್ನೇ ಬಿಟ್ಟಿಲ್ಲ.
ಮನೆಯಲ್ಲಿ ಯಾರಿಗಾದರೂ ಜ್ವರ?
ಇಲ್ಲ.

ಅಷ್ಟರಲ್ಲಿ ಕಂಬಗಳ ಮೇಲಿನ ಮನೆಯಿಂದ,
ಹಲಗೆಗಳ ಸಂದಿಯಿಂದ, ಒಂದು ಕೆಮ್ಮು
ಕೆಳಗೆ ನಮ್ಮಿಬ್ಬರ ನಡುವೆ ಬಿತ್ತು.
‘ಹೊಗೆ’ ಎಂದಳು. ಒಲೆ ಆಗಲೇ ಆರಿತ್ತು.

ನನಗೆ ಗೊತ್ತು. ಎರಡು ವರ್ಷದ ಹಿಂದೆ ಪಕ್ಕದ ಮನೆಗೆ
ಬಿಳಿ ಉಡುಪಿನವರು ಬಂದಿದ್ದರು. ಅದು ಹಂದಿಗಷ್ಟೇ ಬರುವ ಜ್ವರ,
ಮನುಷ್ಯರಿಗೆ ತಾಕದ್ದು. ಆದರೂ ಗುಂಡಿ ಗುಂಡಿಯೇ.
ಸುಣ್ಣ ಸುರಿದ ಜಾಗದಲ್ಲಿ ಈಗ ಬಾಳೆ ಹುಲುಸಾಗಿದೆ.
ಗೊನೆಯನ್ನು ಯಾರೂ ಮುಟ್ಟುವುದಿಲ್ಲ.

ಪೆನ್ನು ಚೌಕದ ಮೇಲೆ ನಿಂತಿತು.
ಹಂದಿಗಳು ಬಾಯಿ ಬಿಟ್ಟಿದ್ದವು. ಅಜ್ಜಿ ಬಿಡಲಿಲ್ಲ.
ನಾನೂ ಬಿಡಿಸಲಿಲ್ಲ. ಚೌಕ ಖಾಲಿ ಇಟ್ಟು
ಪೆಟ್ಟಿಗೆಗೆ ಬೆಲ್ಟು ಬಿಗಿದೆ. ಐಸು ಕರಗುತ್ತಿತ್ತು.
ಬೈಕು ಮೂರನೇ ಒದೆತಕ್ಕೂ ಹೊತ್ತಲಿಲ್ಲ.
ಆ ಹಾಳು ಬೈಕಿಗೆ ನಾನು ಋಣಿ.

ಅಜ್ಜಿ ಏಣಿ ಇಳಿದು ಬಂದಳು. ಸೊಂಟದ ಮೇಲೆ ಹುಡುಗ,
ನಾಲ್ಕು ವರ್ಷವಿರಬೇಕು, ಚೌಕಳಿ ವಸ್ತ್ರ ಸುತ್ತಿ, ಕಿವಿ ಕೆಂಪಗೆ.
‘ನನ್ನ ತಟ್ಟೆಯಲ್ಲೇ ಉಣ್ಣುತ್ತಾನೆ’ ಎಂದಳು, ನಾನು ಕೇಳದಿದ್ದರೂ.
‘ಇವನು ಬಿಟ್ಟದ್ದು ನನಗೆ, ನಾನು ಬಿಟ್ಟದ್ದು ಅವಕ್ಕೆ.
ಅವು ಬಿಟ್ಟದ್ದು ನಿನಗೆ. ಬರೆದುಕೋ.
ಮೊದಲು ಹೆಸರು ಬರೆ, ವಿಬೋಲ್. ನಂಬರು ಆಮೇಲೆ.’

ಹತ್ತಿಕಡ್ಡಿ ಮೂಗಿನೊಳಗೆ ಹೋದಾಗ
ಹುಡುಗ ಊರು ಕೇಳುವಂತೆ ಕಿರುಚಿದ.
ದೊಡ್ಡಿಯಲ್ಲಿ ಐದೂ ಎದ್ದು ನಿಂತವು.

ಚೀಲ ಬೇರೆ, ಕೊಳವೆ ಬೇರೆ, ನಿಯಮದಂತೆ.
ಐಸು ಮಾತ್ರ ಒಂದೇ. ರಸ್ತೆಯ ಪ್ರತಿ ಉಬ್ಬಿಗೂ
ಒಳಗೆ ಒಂದಕ್ಕೊಂದು ತಾಕುವುದು ಕೇಳಿಸುತ್ತಿತ್ತು.
ಅರ್ಧ ದಾರಿಯಲ್ಲಿ ಐಸಿನಂಗಡಿ.
‘ಏನಕ್ಕ, ಮೀನಾ?’ ಎಂದ, ಗರಗಸ ಎಳೆಯುತ್ತ.
‘ಎಂಜಲು’ ಎಂದೆ.
ತಮಾಷೆ ಎಂದುಕೊಂಡು ಒಂದು ಗಟ್ಟಿ ಹೆಚ್ಚಿಗೆ ಹಾಕಿದ.

ಆಗ ನೆನಪಾಯಿತು ಚೌಕ. ಅಲ್ಲೇ, ಸೀಟಿನ ಮೇಲೆ ಕಾಗದವಿಟ್ಟು
ಒದ್ದೆ ಕೈಯಲ್ಲಿ ‘ಇದೆ’ ಎಂದು ಗುರುತು ಹಾಕಿದೆ.
ಶಾಯಿ ಹರಡಿ ಪಕ್ಕದ ‘ಇಲ್ಲ’ವನ್ನೂ ಮುಟ್ಟಿತು.