ಇಳಕಲಿನ ಪಗಾರ

ಕಣಕುಂಬಿ ದಾಟಿದ ಮ್ಯಾಲ ಘಾಟ ಇಳಿಯೂದು.
ಪಾರಿಸಣ್ಣ ಆಕ್ಸಿಲರೇಟರಿನಿಂದ ಕಾಲ ತಗದ.
ಗಾಡಿ ತಂತಾನ ಬಿಗಿ ಹಿಡೀತು,
ಇಳಕಲಿನ್ಯಾಗ ಎತ್ತು ಹಿಂದಕ್ಕ ಒರಗಿ
ನೊಗಾ ತಡದಂಗ.
ನಲವತ್ತೊಂದು ಇದ್ದದ್ದು ನಲವತ್ನಾಕಾತು.
"ನೋಡ್ರಿ ಸಾಹೇಬ್ರ, ಇಳದದ್ದಕ್ಕ ಪಗಾರ!"

ನಕ್ಕೆ.
ಬೆನ್ನು ಮಾತ್ರ ಸೀಟಿಗೆ ಪೂರಾ ಒರಗಿರಲಿಲ್ಲ.

ಇಪ್ಪತ್ತು ವರ್ಷ ಬೆಂಕಿ ಆರಿಸಿದಾವ ನಾನು.
ಹ್ವಾದ ಶ್ರಾವಣ, ವಡಗಾವಿಯ ಗಲ್ಲ್ಯಾಗೊಂದು ಮಗ್ಗದ ಮನಿ,
ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದು
ರಾತ್ರಿಯೆಲ್ಲಾ ಹಾಸಿಗಿ ಮಗ್ಗಲಕ್ಕ ಚಾರ್ಜಿಗೆ ಹಚ್ಚಿದ್ರು.
ಎರಡು ಟ್ಯಾಂಕರ್ ನೀರು.
ಆರಿತು ಅಂತ ಪೈಪು ಸುತ್ತಿದ್ವಿ,
ಅರ್ಧ ತಾಸಿಗೆ ಒಳಗ ಮತ್ತ ಬುಸುಗುಟ್ಟಿತು.
ಮಂದಿ ಉಳದ್ರು.
ಮಗ್ಗದ ಮ್ಯಾಲ ಅರ್ಧ ನೇಯ್ದ ಸೀರಿ,
ಅದರ ಬಣ್ಣ ಯಾವುದಿತ್ತು ಅಂತ ಈಗೂ ಕೇಳತೇನಿ,
ಯಾರಿಗೂ ಅಲ್ಲ.

ನಡುವ ಚಾಕ್ಕ ನಿಂತಾಗ
ಪಾರಿಸಣ್ಣ ಬಗ್ಗಿ ಗಾಡಿ ಹೊಟ್ಟಿಗೆ ಅಂಗೈ ಹಚ್ಚಿದ.
"ಬಿಸಿ ಐತೇನೋ?"
"ಇಲ್ರಿ. ತಣ್ಣಗಾಗೂ ಮಟಾ ಚಾರ್ಜಿಗೆ ಹಚ್ಚಂಗಿಲ್ರಿ.
ನನ್ನ ಹೇಣ್ತಿ ವಡಗಾವಿಯಾಕಿ."

ಮುಂದ ಎರಡು ತಿರುವಿಗೆ ಕಣ್ಣು ಹತ್ತಿತು.
ನಲವತ್ತೇಳಾದದ್ದು ನಾ ನೋಡಲಿಲ್ಲ.