ಕಾಲಂ ಹನ್ನೊಂದು

ಕಿಟಕಿಯ ಸರಳಿಗೆ ಐದು ಖಾಕಿ ಕವರು,
ಒಂದೊಂದರ ಮೇಲೂ ಒಂದೊಂದು ವಾರದ ಹೆಸರು.
ಸೋಮವಾರದ ಮಾಸ್ಕು ಮುಂದಿನ ಸೋಮವಾರಕ್ಕೆ;
ನಡುವೆ, ಕವರಿನ ಕತ್ತಲಲ್ಲಿ,
ಅದರ ಮೈಗೆ ಅಂಟಿದ್ದು ತನ್ನ ಪಾಡಿಗೆ ತಾನು ಸಾಯುತ್ತದೆ.
ಹಾಗಂತ ಸುತ್ತೋಲೆ.
ನನ್ನ ಬುಧವಾರದ್ದಕ್ಕೆ ಎಡಗಡೆಯ ಎಲಾಸ್ಟಿಕ್ ಸೋತಿತ್ತು,
ಸ್ಟೇಪ್ಲರ್ ಪಿನ್ನು ಹೊಡೆದುಕೊಂಡಿದ್ದೆ.

ಚಿಕ್ಕತಾಯಮ್ಮನಿಗೆ ಕವರಿರಲಿಲ್ಲ.
ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಅದಕ್ಕೆ.
ರೋಗಿಯನ್ನು ಮುಟ್ಟುವವರಿಗೆ ಮಾತ್ರ, ಎಂದಿತ್ತು ಪಟ್ಟಿ.
ಅವಳು ಮುಟ್ಟುತ್ತಿದ್ದದ್ದು
ರೋಗಿ ಮಲಗೆದ್ದ ಹಾಸಿಗೆ, ಬಾಯೊರೆಸಿದ ಟವೆಲು,
ಕಫದ ಬಟ್ಟಲು,
ಏಳದೆ ಹೋದವರ ದಿಂಬು.
ಮಗಳ ಹಳೇ ಯೂನಿಫಾರಂ ಕತ್ತರಿಸಿ
ಚೌಕಳಿ ಬಟ್ಟೆಯೊಂದನ್ನು ಹೊಲಿದು ಕಟ್ಟಿಕೊಂಡು
ನನ್ನನ್ನೇ ನೋಡಿ ನಗುತ್ತಿದ್ದಳು:
‘ನಿಮ್ದು ಬಾತುಕೋಳಿ ಮೂತಿ ಇದ್ದಂಗದೆ ಕಣ್ ಸಿಸ್ಟ್ರವ್ವ.’

ಬಸ್ಸಿಲ್ಲದ ಆ ತಿಂಗಳುಗಳಲ್ಲಿ
ಕೀಲಾರದ ಕಡೆಯಿಂದ ಹಾಲಿನ ವ್ಯಾನು,
ಹಿಂದೆ ಕ್ಯಾನುಗಳ ನಡುವೆ ಅವಳು.
ದಾರಿಯಲ್ಲಿ ಭಾವ ಜವರಪ್ಪನ ಆಲೆಮನೆ.
ಕೊಪ್ಪರಿಗೆ ಕುದಿಯುವಾಗ ಇವಳನ್ನೇ ಕರೆಸುತ್ತಿದ್ದರಂತೆ;
ಹಬೆಗೊಮ್ಮೆ ಮೂಗೊಡ್ಡಿ
‘ಇನ್ನೊಂದ್ ಗಳಿಗೆ ಬುಡಿ’ ಅಂದರೆ ಬಿಡಬೇಕು,
‘ಇಳಸಿ’ ಅಂದರೆ ಇಳಿಸಬೇಕು.
ಬೆಲ್ಲದ ಹದ ಅವಳ ಮೂಗಿನಲ್ಲಿತ್ತು.

ಆವತ್ತು ಬೆಳಿಗ್ಗೆ ಬೆಡ್‌ಶೀಟು ಸುತ್ತುತ್ತ ಅಂದಳು:
‘ಆಲೆಮನೇಲಿ ಹೊಗೆ ಕಂಡೆ ಕಣವ್ವ, ಘಮಾನೇ ಬರ್ನಿಲ್ಲ.
ಈ ಸರ್ತಿ ಕಬ್ಬೇ ಸಪ್ಪೆ ಬಂದದೇನೋ.’

ಕೇಳಿಸಿತು ನನಗೆ.
ಮೂರು ದಿನದ ತರಬೇತಿ ಮುಗಿಸಿ ಸರ್ಟಿಫಿಕೇಟು ಪಡೆದವಳು ನಾನು.
ಕೈಯಲ್ಲಿ ಸೂಜಿ, ಹದಿನಾಲ್ಕನೇ ಬೆಡ್ಡಿನ ಮುದುಕನ ನರ ಸಿಗುತ್ತಿಲ್ಲ,
ಕನ್ನಡಕದೊಳಗೆ ನನ್ನದೇ ಉಸಿರು ಮಂಜಾಗಿ ಕೂತಿದೆ.
ತಿರುಗದೆಯೇ ಹೇಳಿದೆ:
ಆ ಮೂಲೆಯ ನಾಲ್ಕು ಹಾಸಿಗೆ ಮುಗಿಸಿ
ಕೆಳಗೆ ಹೋಗಿ ಮೂಗು ತೋರಿಸಿ ಬಾ.

ನಾಲ್ಕು ಹಾಸಿಗೆ.
ಈಗಲೂ ಯಾವುದಾದರೂ ವಾರ್ಡಿಗೆ ಕಾಲಿಟ್ಟರೆ
ಮೊದಲು ಮೂಲೆಯನ್ನೇ ಎಣಿಸುತ್ತೇನೆ.

ಫಾರಂ ತುಂಬಿದವಳೂ ನಾನೇ.
ಕಾಲಂ ಹನ್ನೊಂದು: ಸೋಂಕಿನ ಮೂಲ.
ಎರಡು ಚೌಕ. ಆಸ್ಪತ್ರೆ. ಹೊರಗಡೆ.
‘ಹೊರಗಡೆಗೆ ಹಾಕ್ಬಿಡಿ ಸಿಸ್ಟರ್,’ ಅಂದರು ಆಫೀಸಿನವರು,
‘ಹಾಲಿನ ವ್ಯಾನಲ್ಲಿ ಬರ್ತಾಳಲ್ಲ. ಮೇಲಾಗಿ ಗುತ್ತಿಗೆಯವಳು.
ಒಳಗಡೆ ಅಂದ್ರೆ ಫೈಲು ಎಲ್ಲೆಲ್ಲಿಗೋ ಹೋಗುತ್ತೆ.’
ವ್ಯಾನಿನ ಡ್ರೈವರಿಗೆ ನೆಗೆಟಿವ್. ಗಂಡನಿಗೆ, ಮಗಳಿಗೆ ನೆಗೆಟಿವ್.
ಅದನ್ನು ಬರೆಯಲು ಕಾಲಮ್ಮಿರಲಿಲ್ಲ.
ಆಸ್ಪತ್ರೆಗೇ ಹಾಕಿದೆ, ಪೆನ್ನು ಒತ್ತಿ.

ಮೂರು ದಿನದ ಮೇಲೆ ನಕಲು ಪ್ರತಿ ಮೇಜಿಗೆ ಬಂತು.
ನನ್ನ ಗುರುತಿದ್ದಲ್ಲಿ ವೈಟ್ನರಿನ ಬಿಳಿ,
ಪಕ್ಕದ ಚೌಕದಲ್ಲಿ ಬೇರೆ ಯಾರದೋ ಶಾಯಿ.
ಕೆಳಗಿನ ಸಹಿ ಮಾತ್ರ ನನ್ನದೇ.
ಎದ್ದು ಹೋಗಿ ಕೇಳಬೇಕೆಂದುಕೊಂಡೆ.
ಹದಿನಾಲ್ಕನೇ ಬೆಡ್ಡಿನ ಡ್ರಿಪ್ಪು ಮುಗಿದು ಕೂಗುತ್ತಿದ್ದರು.
ಹೋದೆ, ಆ ಕಡೆಗೆ.

ಇಪ್ಪತ್ತೆರಡು ದಿನಕ್ಕೆ ವಾಪಸ್ಸು ಬಂದಳು,
ಇಪ್ಪತ್ತೆರಡು ದಿನದ ಕೂಲಿ ಬಿಟ್ಟು.
ಬಟ್ಟೆ ಸಡಿಲ, ಮೆಟ್ಟಿಲಿಗೆ ಎರಡು ಸಲ ನಿಲ್ಲುತ್ತಾಳೆ.
ಹೊಸ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು;
ಸ್ಟೋರಿನಲ್ಲಿ ಮಾಸ್ಕು ಮುಗಿದಿತ್ತು.

ಕಾರಿಡಾರಿನ ತುದಿಗೆ ಕರೆದು
ಸೆರಗಿನ ಗಂಟು ಬಿಚ್ಚಿದಳು. ಒಂದು ಅಚ್ಚು ಬೆಲ್ಲ.
‘ನಾನೇ ಹದ ಹೇಳ್ದೆ ಕಣವ್ವ, ಮೂಗಿಲ್ದೆ.
ಎಲ್ರೂ ಚೆನ್ನಾಗದೆ ಅಂತರೆ, ನಂಬ್ಕೆ ಇಲ್ಲ.
ನೀವೇಳಿ.’

ಅಲ್ಲಿ ಮಾಸ್ಕು ತೆಗೆಯುವಂತಿಲ್ಲ.
ಕಿಟಕಿಯ ಕಡೆ ತಿರುಗಿ, ಗುರುವಾರವನ್ನು ಗಲ್ಲಕ್ಕಿಳಿಸಿ,
ಒಂದು ಚೂರು ನಾಲಗೆಗಿಟ್ಟೆ.

ಸೀದಿದೆ, ಅಂದೆ.

‘ಹೂಂ,’ ಅಂದಳು, ಬೇಜಾರಿಲ್ಲದೆ,
‘ಇನ್ನು ಬಣ್ಣ ನೋಡಿ ಕಲೀಬೇಕು.’
ಉಳಿದ ಬೆಲ್ಲವನ್ನು ಮತ್ತೆ ಸೆರಗಿಗೆ ಗಂಟು ಹಾಕಿ
ಒಂದು ಚಕ್ರ ಸಿಕ್ಕಿಕೊಳ್ಳುವ ಆ ಟ್ರಾಲಿಯನ್ನು
ವಾರ್ಡಿನೊಳಕ್ಕೆ ತಳ್ಳಿದಳು.